ಸ ಎಲ್ಲಿ ಹೋಯ್ತು? ರೊಮ್ಯಾಂಟಿಕ್ ಸಿಂಫನಿಗಳನ್ನ ನಮ್ಮ ಕಿವೀಲಿ ಕೇಳೋದು ಹೇಗೆ

ಚಿಕ್ಕೋರಿದ್ದಾಗ ಸಂಗೀತ ಕ್ಲಾಸಿಗೆ ಹೋಗಿ ಸರಳೆ, ಜಂಟಿವರಸೆ, ನಾಲ್ಕು ಗೀತೆ ಅಂತ ಕಲ್ತು ಬಿಟ್ಟಿರೋರು, ಇಲ್ಲಾ ಕಲೀದೇನೇ ರಾಮನವಮಿ ಕಚೇರಿಗಳನ್ನ ಕೇಳಿ ಕೇಳಿ ಕಿವಿ ಹದ ಆಗಿರೋರು ನಮ್ಮಲ್ಲಿ ತುಂಬಾ ಜನ ಇದೀವಿ. ಅಂಥೋರು ಬ್ರಾಮ್ಸ್ ಅಥವಾ ಮಾಲರ್ ಥರದ ಯುರೋಪಿನ ರೊಮ್ಯಾಂಟಿಕ್ ಕಾಲದ ಕಾಂಪೋಸರ್ ಬರೆದ ಸಿಂಫನಿ, ಅಂದ್ರೆ ಆರ್ಕೆಸ್ಟ್ರಾ ನುಡಿಸೋ ದೊಡ್ಡ ಕೃತಿ, ಹಾಕ್ಕೊಂಡು ಕೂತ್ರೆ ಕೊನೆಗೆ ಹೇಳೋದು ಒಂದೇ ಮಾತು, ಶುರೂಲಿ ಚೆನ್ನಾಗಿತ್ತು, ಆಮೇಲಾಮೇಲೆ ಎಲ್ಲಿದೀನಿ ಅಂತಾನೇ ಗೊತ್ತಾಗ್ಲಿಲ್ಲ. ನಂಗೂ ವರ್ಷಗಟ್ಲೆ ಹಾಗೇ ಆಗ್ತಿತ್ತು. ಆಮೇಲೆ ಒಂದಿನ ಅರ್ಥ ಆಯ್ತು, ನನ್ನ ಕಿವಿ ಅಷ್ಟು ಹೊತ್ತೂ ತಂಬೂರಿ ಹುಡುಕ್ತಾ ಇತ್ತು ಅಂತ. ನಮ್ಮಲ್ಲಿ ಶ್ರುತಿ ಒಂದ್ಸಲ ಸೇರಿಸಿದ್ರೆ ಮೂರು ಗಂಟೆ ಕಚೇರಿ ಮುಗಿಯೋ ತನಕ ಸ ಅಲ್ಲೇ ಇರತ್ತೆ, ಹಾಡೋರು ಎಲ್ಲಿಗೆ ಹೋದ್ರೂ ಮನೆ ಜಾಗ ಬದಲಾಗಲ್ಲ. ಸಿಂಫನೀಲಿ ತಂಬೂರಿನೂ ಇಲ್ಲ, ಮೇಲಾಗಿ ಮನೇನೇ ಬದಲಾಯಿಸ್ತಾ ಇರ್ತಾರೆ.

ಆದ್ರೆ ಒಂದು ವಿಷಯ ಹೇಳ್ತೀನಿ, ಈ ಸಂಗೀತ ಕೇಳೋದಕ್ಕೆ ನಮ್ಮ ಕಿವಿಗಿಂತ ಒಳ್ಳೆ ಕಿವಿ ಸಿಗೋದು ಕಷ್ಟ. ಯಾಕಂದ್ರೆ 1800ರಿಂದ 1910ರ ತನಕದ ಆ ನೂರು ಚಿಲ್ಲರೆ ವರ್ಷದಲ್ಲಿ ಈ ಕಾಂಪೋಸರುಗಳು ಮಾಡಿದ ದೊಡ್ಡ ಕೆಲಸ ಅಂದ್ರೆ ಸ ಕೊಡೋದನ್ನ ಮುಂದಕ್ಕೆ ಹಾಕ್ತಾ ಹೋಗಿದ್ದು. ಮೊದಲು ನಾಲ್ಕು ಬಾರ್ (ನಮ್ಮ ತಾಳದ ಆವರ್ತದ ಥರದ ಅವ್ರ ಅಳತೆ), ಆಮೇಲೆ ಐವತ್ತು ಬಾರ್, ಆಮೇಲೆ ಇಡೀ ಮೂವ್‌ಮೆಂಟ್ (ಸಿಂಫನಿಯ ಒಂದು ಭಾಗ), ವಾಗ್ನರ್ ಕೈಲಿ ಬಂದಾಗ ನಾಲ್ಕು ಗಂಟೆ. ಕಲ್ಯಾಣಿ ಆಲಾಪನೇಲಿ ಸ, ಪ ಎರಡನ್ನೂ ಮುಟ್ಟದೇ ನಿಷಾದದ ಸುತ್ತಾನೇ ತಿರುಗ್ತಾ ತಿರುಗ್ತಾ ಇದ್ದು, ಸಭೆಯವ್ರೆಲ್ಲ ಉಸಿರು ಹಿಡ್ಕೊಂಡಿರೋವಾಗ ತಾರಸ್ಥಾಯಿ ಷಡ್ಜಕ್ಕೆ ಹೋಗಿ ನಿಂತಾಗ ಎಲ್ರ ಬಾಯಿಂದ ಒಂದು "ಆಹಾ" ಬರತ್ತಲ್ಲ, ಆ ಕಾಯೋದು ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾಗಿ ಕೆಲಸ ಶುರು ಮಾಡೋಣ. ಮೊದಲು ಫೋನಲ್ಲಿ ಯಾವುದಾದ್ರೂ ಒಂದು ಪಿಯಾನೋ ಆ್ಯಪ್ ಹಾಕ್ಕೊಳಿ, ಮನೇಲಿ ಮಕ್ಕಳ ಕೀಬೋರ್ಡ್ ಇದ್ರೆ ಇನ್ನೂ ಒಳ್ಳೇದು. ಸಿ ಕೀಯನ್ನ ಸ ಅಂತ ಇಟ್ಕೊಳಿ, ಬಿಳಿ ಕೀಗಳೆಲ್ಲ ಶಂಕರಾಭರಣ. ಸ ಗ ಪ ಮೂರನ್ನೂ ಒಟ್ಟಿಗೆ ಒತ್ತಿ, ಇದು ಮನೆ. ಈಗ ಪ ನಿ ರಿ ಮ ನಾಲ್ಕನ್ನೂ ಒಟ್ಟಿಗೆ ಒತ್ತಿ ಕೈ ತೆಗೀಬೇಡಿ, ಹಾಗೇ ಇರಿ. ಒಳಗೆ ಏನೋ ಎಳೆಯತ್ತೆ ನೋಡಿ, ನಿ ಮೇಲಕ್ಕೆ ಸ ಕಡೆ ಎಳೀತಿದೆ, ಮ ಕೆಳಕ್ಕೆ ಗ ಕಡೆ ಎಳೀತಿದೆ, ಎರಡೂ ಒಂದೇ ಹೊತ್ತಿಗೆ. ಇದನ್ನ ಅವ್ರು ಡಾಮಿನೆಂಟ್ ಸೆವೆಂತ್ ಅಂತಾರೆ. ಈಗ ಮತ್ತೆ ಸ ಗ ಪ ಒತ್ತಿ. ಆ ಸಮಾಧಾನಕ್ಕೆ ರೆಸಲ್ಯೂಷನ್ ಅಂತ ಹೆಸರು, ಹೀಗೆ ಒಟ್ಟಿಗೆ ಒತ್ತೋ ಸ್ವರಗಳ ಗುಂಪಿಗೆ ಕಾರ್ಡ್ ಅಂತಾರೆ, ಇಡೀ ಪಾಶ್ಚಾತ್ಯ ಸಂಗೀತದ ಹಾರ್ಮನಿ ನಿಂತಿರೋದು ಈ ಎರಡು ಕಾರ್ಡ್‌ಗಳ ನಡುವಿನ ಎಳೆತದ ಮೇಲೆ ಅಂದ್ರೂ ತಪ್ಪಿಲ್ಲ.

ಇನ್ನೆರಡು ಪ್ರಯೋಗ ಮಾಡಿ. ಪ ನಿ ರಿ ಮ ಒತ್ತಿ, ಆಮೇಲೆ ಸ ಗ ಪ ಬದ್ಲು ದ ಸ ಗ ಒತ್ತಿ. ಸ ಏನೋ ಬಂತು ಆದ್ರೆ ಕೆಳಗಡೆ ನೆಲಾನೇ ಬೇರೆ, ಬಾಗಿಲು ತೆಗೆದ್ರೆ ಪಕ್ಕದ ಮನೆ. ಇದು ಡಿಸೆಪ್ಟಿವ್ ಕೇಡೆನ್ಸ್, ಇದನ್ನ ನೆನಪಿಟ್ಕೊಳಿ, ಮುಂದೆ ಬೇಕಾಗತ್ತೆ. ಎರಡನೇದು, ಸ ಮ ಪ ಒತ್ತಿ ಎರಡು ಸೆಕೆಂಡ್ ಬಿಟ್ಟು ಮ ಒಂದನ್ನ ಮಾತ್ರ ಗ ಗೆ ಇಳಿಸಿ. ಇದು ಸಸ್ಪೆನ್ಷನ್, ಮಾಲರ್ ಐದನೇ ಸಿಂಫನಿಯ ಅಡಾಜಿಯೆಟ್ಟೋ ಅನ್ನೋ ನಿಧಾನದ ಮೂವ್‌ಮೆಂಟ್ ಕೇಳಿದ್ರೆ ಇದೇ ನಿಟ್ಟುಸಿರು ಮತ್ತೆ ಮತ್ತೆ ಸಿಗತ್ತೆ, ಮುಂದೆ ಹೋಗ್ಬೇಕಾದ ಸ್ವರ ಹೋಗೋಕೆ ಮನಸಿಲ್ದೆ ಒಂದು ಕ್ಷಣ ಹಿಂದೇನೇ ನಿಂತಿರತ್ತೆ.

ಈ ಮೂರು ಪ್ರಯೋಗಾನೂ ಹತ್ತು ಹದಿನೈದು ಸಲ ಮಾಡಿ, ಬೆರಳಿಗಲ್ಲ, ಕಿವಿಗೆ ಅಭ್ಯಾಸ ಆಗೋ ತನಕ.

ಕೇಳೋಕೆ ಕೂರೋವಾಗ ದಯವಿಟ್ಟು ಫೋನಿನ ಸ್ಪೀಕರಲ್ಲಿ ಕೇಳ್ಬೇಡಿ. ಇದು ಶೋಕಿ ಮಾತಲ್ಲ, ಫೋನ್ ಸ್ಪೀಕರಲ್ಲಿ ಡಬಲ್ ಬಾಸ್ (ತೀರಾ ಕೆಳಗಿನ ಸ್ವರ ನುಡಿಸೋ ದೊಡ್ಡ ತಂತಿ ವಾದ್ಯ) ಸರಿಯಾಗಿ ಕೇಳ್ಸೋದೇ ಇಲ್ಲ, ಅಲ್ಲೇ ನಿಮ್ಮ ತಂಬೂರಿ ಇರೋದು. ಸಾಧಾರಣ ಇಯರ್‌ಫೋನ್ ಆದ್ರೂ ಸಾಕು. ಕೇಳ್ತಾ ಕೇಳ್ತಾ ಮನೆ ಎಲ್ಲಿದೆ ಅನ್ಸತ್ತೋ ಆ ಸ್ವರಾನ ಬಾಯಿ ಮುಚ್ಕೊಂಡು ಮೆಲ್ಲಗೆ ಗುನುಗ್ತಾ ಇರಿ. ಸ್ವಲ್ಪ ಹೊತ್ತಿಗೆ ನಿಮ್ಮ ಸ, ಅವ್ರ ಸಂಗೀತ ಎರಡೂ ಜಗಳ ಆಡೋಕೆ ಶುರು ಮಾಡ್ತವೆ, ಆಗ ಹಠ ಮಾಡ್ಬೇಡಿ, ಗುನುಗೋದು ಬಿಟ್ಟು ಬಾಸ್, ಅಂದ್ರೆ ಎಲ್ಲಕ್ಕಿಂತ ಕೆಳಗಿನ ಸ್ವರ, ಎಲ್ಲಿಗೆ ಹೋಯ್ತು ಅಂತ ಹಿಂದೆ ಹೋಗಿ, ಹೊಸ ಸ ಸಿಕ್ಕಿದ್ರೆ ಅದನ್ನ ಹಿಡ್ಕೊಳಿ. ಗ್ರಹಭೇದ ಗೊತ್ತಿರೋರಿಗೆ ಇದು ಹೊಸದೇನಲ್ಲ, ಬೇರೆ ಸ್ವರಾನ ಸ ಮಾಡ್ಕೊಂಡ ತಕ್ಷಣ ಅದೇ ಕೀಗಳಿಂದ ಬೇರೆ ರಾಗ ಎದ್ದು ಬರತ್ತಲ್ಲ, ಇಲ್ಲಿ ಹೊಸ ಸ ಜೊತೆಗೆ ಕೀಗಳೂ ಬದಲಾಗತ್ತೆ, ಅಷ್ಟೇ. ಸಿಗದೇ ಇದ್ರೆ, ಸಿಗ್ತಿಲ್ಲ ಅನ್ನೋದೂ ಒಂದು ಉತ್ತರಾನೇ, ಬರೆದವ್ರು ಬೇಕಂತಾನೇ ಸಿಗದೇ ಇರೋ ಹಾಗೆ ಮಾಡಿರ್ತಾರೆ.

ಮೊದಲನೇ ಪಾಠಕ್ಕೆ ಬೇಟೋವನ್ ಐದನೇ ಸಿಂಫನಿ, 1808ರ ಡಿಸೆಂಬರ್ 22ಕ್ಕೆ ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದ್ದು. ಎಲ್ರಿಗೂ ಗೊತ್ತಿರೋ ಆ ಢಣ ಢಣ ಢಣ ಢಾಂ ಬಿಟ್ಟು, ಮೂರನೇ ಮೂವ್‌ಮೆಂಟ್ ಮುಗಿದು ನಾಲ್ಕನೇದಕ್ಕೆ ಸೇರೋ ಜಾಗಕ್ಕೆ ಹೋಗಿ. ಎಲ್ಲಾ ವಾದ್ಯ ಪಿಸುಮಾತಿಗೆ ಇಳಿಯತ್ತೆ, ಟಿಂಪನಿ (ಶ್ರುತಿ ಮಾಡಿದ ನಗಾರಿ) ಒಂದೇ ಸ್ವರ ತಟ್ತಾ ಇರತ್ತೆ, ಸಿ, ಅಂದ್ರೆ ಸ. ಮೇಲೆ ವಯೊಲಿನ್‌ಗಳು ದಾರಿ ತಪ್ಪಿದೋರ ಥರ ಹುಡುಕ್ತಾ ಹುಡುಕ್ತಾ ಏರ್ತವೆ, ಸುಮಾರು 50 ಬಾರ್ ಹೀಗೇ, ಕೊನೇಲಿ ಪ ನಿ ರಿ ಮ ಊದಿಕೊಂಡು ಊದಿಕೊಂಡು ಸ ಗ ಪ ಸಿಡಿದು ಬರತ್ತೆ, ಅಲ್ಲೀ ತನಕ ಸುಮ್ನಿದ್ದ ಟ್ರಾಂಬೋನ್ ಅನ್ನೋ ಹಿತ್ತಾಳೆ ವಾದ್ಯಗಳು ಅಲ್ಲೇ ಮೊದಲ ಸಲ ಬಾಯಿ ತೆಗಿಯೋದು. ಆ ಐವತ್ತು ಬಾರ್‌ಗಳನ್ನ ಮುಂದಿನ ನೂರು ವರ್ಷದ ಪ್ರತಿಯೊಬ್ಬ ಕಾಂಪೋಸರೂ ಮನಸಲ್ಲಿ ಇಟ್ಕೊಂಡೇ ಬರೆದ್ರು ಅಂತ ನಂಗೆ ಅನ್ಸತ್ತೆ.

ಎರಡನೇದು ಚೈಕೋವ್ಸ್ಕಿ ಐದನೇ ಸಿಂಫನಿ, 1888. ಇದು ಚಿಕ್ಕ ಪರೀಕ್ಷೆ. ಕೊನೇ ಮೂವ್‌ಮೆಂಟಲ್ಲಿ, ಮುಗಿಯೋಕೆ ಇನ್ನೆರಡು ಮೂರು ನಿಮಿಷ ಇರೋವಾಗ ಇಡೀ ಆರ್ಕೆಸ್ಟ್ರಾ ಭಾರೀ ಸದ್ದು ಮಾಡಿ ಬಿ ಮೇಜರ್ ಕಾರ್ಡ್ (ಬಿ ಯನ್ನ ಸ ಮಾಡ್ಕೊಂಡು ಒತ್ತೋ ಸ ಗ ಪ) ಮೇಲೆ ನಿಂತು ಬಿಡತ್ತೆ, ನಿಶ್ಶಬ್ದ. ಎಷ್ಟೋ ಹಾಲ್‌ಗಳಲ್ಲಿ ಜನ ಮುಗೀತು ಅಂತ ಅಲ್ಲೇ ಚಪ್ಪಾಳೆ ಹೊಡೀತಾರೆ. ಆದ್ರೆ ಮನೆ ಇರೋದು ಇ ಲಿ, ಬಿ ಅಂದ್ರೆ ಪ. ನೀವು ಮೊದಲಿಂದ ಸ ಗುನುಗ್ತಾ ಬಂದಿದ್ರೆ ಕೈ ತಾನಾಗೇ ನಿಲ್ಲತ್ತೆ, ಅಯ್ಯೋ ಇನ್ನೂ ಪಂಚಮದಲ್ಲೇ ಇದೀವಲ್ಲ ಅಂತ. ಒಂದು ಕ್ಷಣ ಆದ್ಮೇಲೆ ಇ ಮೇಜರಲ್ಲಿ ಮೆರವಣಿಗೆ ಹೊರಡತ್ತೆ. ಇಲ್ಲಿ ನಿಮಗೆ ತಡೆಯೋಕೆ ಆಯ್ತು ಅಂದ್ರೆ ಮುಂದಿನದಕ್ಕೆ ಧೈರ್ಯವಾಗಿ ಹೋಗ್ಬಹುದು.

ಮುಂದಿನದು ವಾಗ್ನರ್ ಬರೆದ ಟ್ರಿಸ್ಟಾನ್ ಉಂಡ್ ಇಸೋಲ್ಡೆ. ನಿಜ, ಇದು ಒಪೆರಾ, ಸಿಂಫನಿ ಅಲ್ಲ, ಆದ್ರೆ ಇದರ ಪ್ರಿಲ್ಯೂಡ್ (ತೆರೆ ಏಳೋ ಮುಂಚೆ ಆರ್ಕೆಸ್ಟ್ರಾ ನುಡಿಸೋದು) ಮತ್ತೆ ಕೊನೇ ಹಾಡು ಎರಡನ್ನೂ ಸೇರಿಸಿ ಆರ್ಕೆಸ್ಟ್ರಾಗಳು ಹದಿನೇಳು ಹದಿನೆಂಟು ನಿಮಿಷದ ಒಂದೇ ಕೃತಿ ಥರ ನುಡಿಸ್ತಾರೆ, ಆಮೇಲೆ ಬಂದ ಸಿಂಫನಿಗಳಿಗೆಲ್ಲ ಇದರ ನೆರಳು ಬಿದ್ದಿದೆ. 1857ರಿಂದ 59ರ ತನಕ ಬರೆದದ್ದು, 1865ರ ಜೂನ್ 10ಕ್ಕೆ ಮ್ಯೂನಿಕ್‌ನಲ್ಲಿ ಮೊದಲ ಪ್ರದರ್ಶನ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಮತ್ತೆ ಕೀಬೋರ್ಡ್ ತಗೊಳಿ.

ಈ ಸಲ ಎ ಯನ್ನ ಸ ಮಾಡ್ಕೊಳಿ. ಶುರೂಲಿ ಚೆಲ್ಲೋಗಳು (ವಯೊಲಿನ್ ಥರದ ದೊಡ್ಡ ವಾದ್ಯ) ಒಂದೇ ಸಾಲು ನುಡಿಸ್ತವೆ, ಎ, ಎಫ್, ಇ, ಡಿ ಶಾರ್ಪ್ (ಶಾರ್ಪ್ ಅಂದ್ರೆ ಬಲಗಡೆಯ ಕರಿ ಕೀ), ನಮ್ಮ ಭಾಷೇಲಿ ಸ, ಶುದ್ಧ ಧೈವತ, ಪ, ಪ್ರತಿ ಮಧ್ಯಮ. ಆ ಪ್ರತಿ ಮಧ್ಯಮಕ್ಕೆ ಬಂದ ಕೂಡ್ಲೇ ಊದೋ ವಾದ್ಯಗಳು ಸೇರ್ಕೊಂಡು ಒಂದು ಕಾರ್ಡ್ ಹಿಡೀತವೆ, ಕೆಳಗಿಂದ ಎಫ್, ಬಿ, ಡಿ ಶಾರ್ಪ್, ಜಿ ಶಾರ್ಪ್. ಟ್ರಿಸ್ಟಾನ್ ಕಾರ್ಡ್ ಅಂತ ಇದಕ್ಕೇ ಹೆಸರು, ಇದರ ಬಗ್ಗೆ ನೂರೈವತ್ತು ವರ್ಷದಿಂದ ವಿದ್ವಾಂಸರು ಚರ್ಚೆ ಮಾಡ್ತಾನೇ ಇದಾರೆ. ನಾನು ಒಂದ್ಸಲ ಸುಮ್ನೆ ಇದಕ್ಕೆ ಸ್ವರ ಹಾಕ್ಕೊಂಡು ನೋಡ್ದೆ. ಎಫ್ ಶುದ್ಧ ಧೈವತ, ಬಿ ಚತುಶ್ರುತಿ ರಿಷಭ, ಡಿ ಶಾರ್ಪ್ ಪ್ರತಿ ಮಧ್ಯಮ, ಜಿ ಶಾರ್ಪ್ ಕಾಕಲಿ ನಿಷಾದ. ದ ರಿ ಮ ನಿ. ಯಾವ ಮೇಳ, ಅಂದ್ರೆ ಏಳು ಸ್ವರದ ಮೂಲ ರಾಗ, ಹೇಳಿ? ಸಿಂಹೇಂದ್ರಮಧ್ಯಮ, 57ನೇದು! ಆ ರಾಗದ ಏಳು ಸ್ವರದಲ್ಲಿ ಸ ಗ ಪ ಮೂರನ್ನ ತೆಗೆದಿಟ್ರೆ ಉಳಿಯೋ ನಾಲ್ಕೇ ನಾಲ್ಕು ಸ್ವರ ಇವು. ಅಂದ್ರೆ ಎ ಮೈನರ್ ಅನ್ನೋ ಮನೆ ಕಾರ್ಡಿನ ಮೂರು ಸ್ವರಾನೂ ಬಿಟ್ಟು, ಎಲ್ಲೂ ನಿಲ್ಲೋಕಾಗದೇ ಇರೋ ನಾಲ್ಕು ಸ್ವರಾನ ಮಾತ್ರ ಒಟ್ಟಿಗೆ ಹಿಡಿದಿದಾರೆ. ವಾಗ್ನರ್‌ಗೆ ನಮ್ಮ ರಾಗ ಗೊತ್ತಿತ್ತು ಅಂತ ಖಂಡಿತ ನಾನು ಹೇಳ್ತಿಲ್ಲ, ಗಮಕ ಇಲ್ದೆ ರಾಗವೂ ಇಲ್ಲ, ಆದ್ರೆ ನಮ್ಮ ಕಿವಿಗೆ ಆ ಕಾರ್ಡ್ ಯಾಕೆ ಅಷ್ಟು ಚಡಪಡಿಕೆ ಕೊಡತ್ತೆ ಅನ್ನೋದು ಹೀಗೆ ನೋಡಿದ್ರೆ ಕೈಗೇ ಸಿಗತ್ತೆ. ನಾಲ್ಕನ್ನೂ ಒತ್ತಿ ನೋಡಿ, ಪ್ರತಿಯೊಂದು ಸ್ವರದ ಪಕ್ಕದಲ್ಲೇ ಅದು ಹೋಗ್ಬೇಕಾದ ಜಾಗ ಖಾಲಿ ಬಿದ್ದಿದೆ, ದ ಪಕ್ಕ ಪ, ನಿ ಪಕ್ಕ ಸ, ಪ್ರತಿ ಮಧ್ಯಮದ ಪಕ್ಕಾನೂ ಪ, ರಿ ಪಕ್ಕ ಗ.

ಮುಂದೇನಾಗತ್ತೆ? ಓಬೋ ಅನ್ನೋ ಊದೋ ವಾದ್ಯ ನಿಷಾದದಿಂದ ಅರ್ಧರ್ಧ ಹೆಜ್ಜೆ ಏರತ್ತೆ, ನಿ, ಸ, ಶುದ್ಧ ರಿಷಭ, ಚತುಶ್ರುತಿ ರಿಷಭ. ಸ ಸಿಕ್ತಲ್ಲ ಅಂತೀರಾ, ದಾರೀಲಿ ಸಿಕ್ತು ಅಷ್ಟೇ, ನಿಲ್ಲಲಿಲ್ಲ, ದಾಟ್ಕೊಂಡು ಹೋಯ್ತು. ಕೆಳಗಡೆ ಕಾರ್ಡ್ ಪ ನಿ ರಿ ಮ ಆಯ್ತು (ಈ ಮ ಶುದ್ಧ ಮಧ್ಯಮ), ನಾವು ಮೊದಲನೇ ಪ್ರಯೋಗದಲ್ಲಿ ಒತ್ತಿದ ಅದೇ ಎಳೆಯೋ ಕಾರ್ಡ್. ಚಡಪಡಿಕೆ ಹೋಗಿ ಬಂದಿದ್ದೇನು, ಇನ್ನೊಂದು ಚಡಪಡಿಕೆ, ಆದ್ರೆ ಮೊದಲಿನದಕ್ಕಿಂತ ಮೆತ್ತಗಿರೋದ್ರಿಂದ ಕಿವಿ ಅದನ್ನೇ ಸಮಾಧಾನ ಅಂತ ತಗೊಳತ್ತೆ. ಈ ಕಲೇನ ಯಾರೂ ಅಲ್ಲೀ ತನಕ ಇಷ್ಟು ಬೆತ್ತಲಾಗಿ ಮಾಡಿರಲಿಲ್ಲ. ಆಮೇಲೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನೀವೇ ಸ ಹಾಡಿ ನೋಡಿ, ಅವ್ರು ಕೊಡದೇ ಇದ್ದಿದ್ದನ್ನ ನೀವು ತುಂಬಿಸ್ಕೊಂಡಾಗಲೇ ಎಷ್ಟು ದೂರ ಇಟ್ಟಿದಾರೆ ಅಂತ ತಿಳಿಯೋದು. ಅದೇ ಮಾತು ಮೇಲಿನ ಸ್ವರದಿಂದ ಎರಡನೇ ಸಲ, ಮೂರನೇ ಸಲ, ನಿಲ್ಲೋದು ಮೂರು ಸಲಾನೂ ಎಳೆಯೋ ಕಾರ್ಡಲ್ಲೇ, ಇ ಮೇಲೆ ಒಂದು, ಜಿ ಮೇಲೆ ಒಂದು, ಬಿ ಮೇಲೆ ಒಂದು. ಕೊನೆಗೆ ಹದಿನೇಳನೇ ಬಾರಲ್ಲಿ ಎಲ್ರೂ ಸೇರಿ ಜೋರಾಗಿ ಬರ್ತಾರೆ, ಈಗಂತೂ ಮನೆ ಬಂತು ಅನ್ನೋ ಹೊತ್ತಿಗೆ ಬಾಸ್ ಇ ಇಂದ ಎ ಗೆ ಹೋಗೋ ಬದ್ಲು ಎಫ್ ಗೆ ಕಾಲಿಡತ್ತೆ. ಪಕ್ಕದ ಮನೆ ಬಾಗಿಲು. ಚೆಲ್ಲೋಗಳು ಅಲ್ಲಿಂದಾನೇ ಹೊಸ ರಾಗ ಎತ್ತಿ ಹೊರಟು ಹೋಗ್ತವೆ, ಆಮೇಲೆ ನಿಮಿಷಗಟ್ಲೆ ಅಲೆ ಮೇಲೆ ಅಲೆ, ಪ್ರಿಲ್ಯೂಡಿನ ತುತ್ತತುದಿ ಅಲೆ ಬಂದು ಅಪ್ಪಳಿಸೋದು ಯಾವುದರ ಮೇಲೆ ಅಂದ್ರೆ ಅದೇ ಟ್ರಿಸ್ಟಾನ್ ಕಾರ್ಡ್ ಮೇಲೆ. ನಂಗಂತೂ ಎಷ್ಟು ಸಲ ಕೇಳಿದ್ರೂ ಅಲ್ಲಿ ಮೈ ಜುಂ ಅನ್ನತ್ತೆ, ಹೊರಗೆ ಹೋಗೋ ದಾರಿ ಅಂತ ಓಡಿ ಓಡಿ ಹೊರಟ ಜಾಗಕ್ಕೇ ಬಂದ ಹಾಗೆ.

ಒಪೆರಾದಲ್ಲಿ ಪ್ರೇಮಿಗಳಾದ ಟ್ರಿಸ್ಟಾನ್, ಇಸೋಲ್ಡೆ ಹಾಡೋ ಎರಡನೇ ಅಂಕದ ಪ್ರೇಮಗೀತೆ ಇನ್ನೇನು ಮನೆ ಮುಟ್ಟಬೇಕು, ಆ ಕ್ಷಣಕ್ಕೆ ಸರಿಯಾಗಿ ಕಾವಲಿದ್ದ ಇಸೋಲ್ಡೆಯ ಸೇವಕಿ ಬ್ರಾಂಗೇನೆ ಕಿರುಚ್ತಾಳೆ, ಇಸೋಲ್ಡೆಯ ಗಂಡ ರಾಜ ಮಾರ್ಕೆ ಕಡೆಯವ್ರು ಒಳಗೆ ನುಗ್ತಾರೆ, ಕಾರ್ಡ್ ಒಡೆದು ಹೋಗತ್ತೆ. ಅಲ್ಲಿ ತುಂಡಾದ ಅದೇ ಸಂಗೀತಾನ ಮೂರನೇ ಅಂಕದ ಕೊನೇಲಿ, ಟ್ರಿಸ್ಟಾನ್ ಸತ್ತ ಮೇಲೆ, ಇಸೋಲ್ಡೆ ಒಬ್ಬಳೇ ಮತ್ತೆ ಎತ್ಕೋತಾಳೆ, ಲೀಬೆಸ್‌ಟೋಡ್ ಅಂತ ಕರೀತಾರಲ್ಲ ಅದು. ಈ ಸಲ ಯಾರೂ ತಡೆಯಲ್ಲ. ಕೊನೇ ಕೆಲವು ಬಾರ್‌ಗಳಲ್ಲಿ ಶುರೂಲಿ ಓಬೋ ಏರಿದ ಆ ನಾಲ್ಕು ಸ್ವರ ಇನ್ನೊಂದ್ಸಲ ಕೇಳ್ಸತ್ತೆ, ಅಲ್ಲಿಂದ ಬಿ ಮೇಜರಿಗೆ ಬಂದು ಎಲ್ಲಾ ಸಮಾಧಾನ ಆಗತ್ತೆ. ಶುರು ಆಗಿದ್ದು ಎ ಸುತ್ತ, ಮುಗಿದದ್ದು ಬಿ ಲಿ, ಕಾದು ಕಾದು ಸಿಕ್ಕ ಮನೆ ಹೊರಟ ಮನೆ ಅಲ್ಲ. ಪ್ರಿಲ್ಯೂಡ್ ಒಂದನ್ನೇ ಕೇಳಿ ನಿಲ್ಲಿಸ್ಬೇಡಿ, ಎರಡೂ ಒಟ್ಟಿಗಿರೋ ರೆಕಾರ್ಡಿಂಗೇ ಹುಡುಕಿ.

ಪೂರ್ತಿ ಒಪೆರಾ ಬೇಕು ಅನ್ನೋರಿಗೆ 1952ರಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿ, ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ನುಡಿಸಿರೋ ರೆಕಾರ್ಡಿಂಗ್ ಹೇಳ್ತೀನಿ. ಇದನ್ನ ಹೇಳೋಕೆ ಇನ್ನೊಂದು ಕಾರಣಾನೂ ಇದೆ. ಅದಕ್ಕೆ ಎರಡು ವರ್ಷ ಮುಂಚೆ, 1950ರ ಮೇ 22ಕ್ಕೆ, ಇದೇ ಮೂರೂ ಜನ ಸೇರಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೇ ನಾಲ್ಕು ಹಾಡುಗಳನ್ನ ಮೊದಲ ಸಲ ಹಾಡಿದ್ರು, ಆ ಕಾರ್ಯಕ್ರಮಕ್ಕೆ ಹಣದ ಭರವಸೆ ಕೊಟ್ಟು ನಿಂತಿದ್ದು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನ ರಚಿಸಿದ ಅದೇ ಒಡೆಯರ್. ಎರಡು ಥರದ ಸ ನೂ ಒಂದೇ ಕಿವೀಲಿ ಇಟ್ಕೊಂಡಿದ್ದೋರು ಅವ್ರು, ನಾವು ಈಗ ಕಲೀತಿರೋದನ್ನ ಮೈಸೂರಲ್ಲೇ ಒಬ್ರು ಎಪ್ಪತ್ತು ವರ್ಷದ ಹಿಂದೇನೇ ಮಾಡ್ತಿದ್ರು ಅಂದ್ರೆ ನಂಗೆ ಬಹಳ ಹೆಮ್ಮೆ.

ವಾಗ್ನರ್ ಆದ್ಮೇಲೆ ಬ್ರಾಮ್ಸ್ ಕೇಳಿದ್ರೆ ಬೇರೆ ದಾರಿ ಕಾಣತ್ತೆ. ಒಂದನೇ ಸಿಂಫನಿ, 1876ರ ನವೆಂಬರ್ 4ಕ್ಕೆ ಕಾರ್ಲ್ಸ್‌ರೂಹೆಯಲ್ಲಿ ಮೊದಲು ನುಡಿಸಿದ್ದು, ಆಗ ಅವ್ರಿಗೆ 43 ವರ್ಷ. ಇಲ್ಲಿ ಮೊದಲ ಬಾರಿಂದಾನೇ ತಂಬೂರಿ ಇದೆ, ಟಿಂಪನಿ ಡಬಲ್ ಬಾಸ್ ಎಲ್ಲ ಸೇರಿ ಸಿ, ಸಿ, ಸಿ ಅಂತ ಬಡೀತಾನೇ ಇರ್ತವೆ. ಸ ಅಡಗಿಸಿಟ್ಟಿಲ್ಲ, ಕಾಲ ಕೆಳಗೇ ಇದೆ, ಆದ್ರೂ ನೆಮ್ಮದಿ ಇಲ್ಲ, ಯಾಕಂದ್ರೆ ಮೇಲೆ ತಂತಿ ವಾದ್ಯಗಳು ಅರ್ಧರ್ಧ ಸ್ವರ ಏರ್ತಿವೆ, ಊದೋ ವಾದ್ಯಗಳು ಇಳೀತಿವೆ, ಎರಡೂ ಶ್ರುತಿಗೆ ಉಜ್ಜಿಕೊಂಡು ಹೋಗ್ತಿವೆ. ಈ ನೋವಿಂದ ಶುರುವಾದ ಸಿಂಫನಿ ಸುಮಾರು ಅರ್ಧ ಗಂಟೆ ನಡೆದು ನಾಲ್ಕನೇ ಮೂವ್‌ಮೆಂಟಿಗೆ ಬರತ್ತೆ, ಅಲ್ಲೂ ಮೊದಲು ಕತ್ತಲೇನೇ, ತಂತಿಗಳನ್ನ ಬೆರಳಲ್ಲಿ ಮೀಟ್ತಾ ಮೀಟ್ತಾ ವೇಗ ಹೆಚ್ಚಿಸ್ತಾರೆ, ಟಿಂಪನಿ ಗುಡುಗತ್ತೆ, ಆಮೇಲೆ ಮೋಡ ಸರಿದ ಹಾಗೆ ಹಾರ್ನ್ ಒಂದು ಸಾಲು ಊದತ್ತೆ, ಗ ರಿ ಸ ಪ. ಆಲ್ಪ್ಸ್ ಬೆಟ್ಟದ ಆಲ್ಪ್‌ಹಾರ್ನ್ (ಉದ್ದನೆ ಮರದ ಕಹಳೆ) ಧಾಟಿ ಅದು, 1868ರಲ್ಲಿ ಬ್ರಾಮ್ಸ್ ತಮ್ಮ ಗೆಳತಿ, ಪಿಯಾನೋ ವಾದಕಿ ಕ್ಲಾರಾ ಶೂಮನ್ ಹುಟ್ಟುಹಬ್ಬಕ್ಕೆ ಇದನ್ನೇ ಬರೆದು ಕಳಿಸಿದ್ರು. ಬರೀ ಗ ರಿ ಸ, ನಾವು ಮೊದಲ ದಿನ ಕಲಿಯೋ ಅವರೋಹಣ, ಅಷ್ಟು ಹೊತ್ತು ಕಾಯಿಸಿ ಕೊಟ್ಟಿದ್ದಕ್ಕೆ ಕಣ್ಣು ತುಂಬತ್ತೆ. ನಾಲ್ಕನೇ ಮೂವ್‌ಮೆಂಟ್ ಒಂದನ್ನೇ ಹಾಕ್ಕೊಂಡು ಕೇಳಿದ್ರೆ ಹೀಗಾಗಲ್ಲ, ಮೊದಲಿಂದ ಕೂರ್ಬೇಕು.

ಬ್ರುಕ್ನರ್ ಒಂಬತ್ತನೇ ಸಿಂಫನಿಯ ಅಡಾಜಿಯೋ ಅನ್ನೋ ನಿಧಾನದ ಮೂವ್‌ಮೆಂಟಲ್ಲಿ ಸ್ವರಗಳು ಒಂದರ ಮೇಲೊಂದು ಬಿದ್ದು ರಾಶಿಯಾಗಿ, ಬಿಡಿಸದೇನೇ ಮೌನಕ್ಕೆ ಹೋಗೋ ಒಂದು ಜಾಗ ಇದೆ, ಅದು ಸ್ವಲ್ಪ ಪಳಗಿದ ಮೇಲೆ ಕೇಳಿ.

ಕೊನೇದು ಮಾಲರ್ ಒಂಬತ್ತನೇ ಸಿಂಫನಿಯ ಮೊದಲನೇ ಮೂವ್‌ಮೆಂಟ್. ಬರೆದದ್ದು 1909, 10ರ ಹೊತ್ತಿಗೆ, ಮೊದಲು ನುಡಿಸಿದ್ದು 1912ರ ಜೂನ್ 26ಕ್ಕೆ ವಿಯೆನ್ನಾದಲ್ಲಿ, ಮಾಲರ್ 1911ರ ಮೇನಲ್ಲೇ ತೀರಿ ಹೋಗಿದ್ರು, ಕೇಳ್ಲೇ ಇಲ್ಲ. ಡಿ ಯನ್ನ ಸ ಅಂತ ಗುನುಗ್ತಾ ಕೂರಿ. ಎರಡನೇ ವಯೊಲಿನ್‌ಗಳು ಎರಡೇ ಸ್ವರ ನುಡಿಸ್ತವೆ, ಎಫ್ ಶಾರ್ಪ್, ಇ. ಗ, ರಿ. ಮತ್ತೆ ಗ, ರಿ. ಬ್ರಾಮ್ಸ್ ಕೊಟ್ಟಿದ್ದ ಮೂರನೇ ಸ್ವರ ಇಲ್ಲಿ ಕೊಡಲ್ಲ. ಮುಂದಿನ ಇಪ್ಪತ್ತೈದು ಮೂವತ್ತು ನಿಮಿಷದಲ್ಲಿ ದೊಡ್ಡ ದೊಡ್ಡ ಬಿರುಗಾಳಿ ಏಳತ್ತೆ, ಕುಸಿಯತ್ತೆ, ಪ್ರತಿ ಸಲ ಧೂಳು ಇಳಿದ ಮೇಲೆ ಅದೇ ಗ ರಿ. ಸ ಬಾಸಲ್ಲಿ ಇರತ್ತೆ, ಕಾರ್ಡಲ್ಲಿ ಇರತ್ತೆ, ಆ ಧಾಟಿ ಮಾತ್ರ ಇಳಿದು ಕೂರೋಕೆ ಒಪ್ಪಲ್ಲ. ಅದಕ್ಕೆ ಸ್ವಲ್ಪ ಮುಂಚೆ ಅವ್ರು ಬರೆದ, ಆರ್ಕೆಸ್ಟ್ರಾ ಜೊತೆ ಹಾಡೋ ದಾಸ್ ಲೀಡ್ ಫೊನ್ ಡೇರ್ ಏರ್ಡೆಯ ಕೊನೇಲೂ ಹಾಡೋಳು "ಎವಿಗ್" ಅಂತ, ಎಂದೆಂದಿಗೂ ಅಂತ, ಇದೇ ಗ ರಿ ಯಲ್ಲೇ ಹೇಳ್ತಾ ಹೇಳ್ತಾ ಸ ಗೆ ಬರದೇನೇ ಕರಗಿ ಹೋಗ್ತಾಳೆ.

ಒಂಬತ್ತನೇ ಸಿಂಫನೀಲಿ ಮಾತ್ರ ಆ ಮೂವ್‌ಮೆಂಟಿನ ಕೊನೇಲಿ ಬರತ್ತೆ. ಎಲ್ರೂ ಒಬ್ಬೊಬ್ರಾಗಿ ಸುಮ್ನಾದ ಮೇಲೆ ಓಬೋ ಒಂದು ರಿ ಹಿಡ್ಕೊಂಡು ನಿಂತಿರತ್ತೆ, ಉದ್ದಕ್ಕೆ, ಉಸಿರಿರೋ ತನಕ, ಆದ್ರೆ ಅದು ಇಳಿಯಲ್ಲ. ಸ ಬೇರೆ ಕಡೆಯಿಂದ ಬರತ್ತೆ, ಪಿಕೊಲೊ (ಪುಟ್ಟ ಕೊಳಲು) ಮತ್ತೆ ಚೆಲ್ಲೋದ ಹಾರ್ಮೋನಿಕ್ (ತಂತಿಯನ್ನ ಒತ್ತದೇ ಬರೀ ಮುಟ್ಟಿ ತೆಗೆಯೋ ಸ್ವರ), ದಾರದೆಳೆಯಷ್ಟು ತೆಳ್ಳಗೆ, ಎಷ್ಟೋ ಎತ್ತರದಲ್ಲಿ. ಕೇಳೋಕೆ ಕೂರೋ ಮುಂಚೆ ಆಟೋಪ್ಲೇ ಆಫ್ ಮಾಡಿ, ಫ್ಯಾನ್ ಕೂಡ ಆಫ್ ಮಾಡಿ, ಇಲ್ದಿದ್ರೆ ಆ ಸ್ವರ ಬಂದಿದ್ದೇ ಗೊತ್ತಾಗಲ್ಲ.